ನಾಲ್ಕು ಕೋರ್ ಇದ್ದರೆ ನಾಲ್ಕು ಪಟ್ಟು ವೇಗವೇ?

ನಮ್ಮ ಕ್ಲಾಸಿನಲ್ಲಿ ಈಗ ಹೊಸದೊಂದು ಹುಚ್ಚು. ಯಾರದೋ ಪ್ರಾಜೆಕ್ಟ್ ನಿಧಾನವಾಗಿ ಓಡಿದರೆ ಸಾಕು, ‘ಮಲ್ಟಿಥ್ರೆಡಿಂಗ್ ಆನ್ ಮಾಡೋ’ ಎಂಬ ಸಲಹೆ ಎಲ್ಲ ಬೆಂಚಿನಿಂದಲೂ ಬರುತ್ತದೆ. ಕೆಲಸವನ್ನು ತುಂಡು ಮಾಡಿ ಪ್ರೊಸೆಸರಿನ ಹಲವು ಕೋರ್‌ಗಳಿಗೆ ಏಕಕಾಲಕ್ಕೆ ಹಂಚುವುದು ಅದರ ಉದ್ದೇಶ. ಯಾವಾಗ ಆಫ್ ಮಾಡಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಹರಿಹರದಿಂದ ದಾವಣಗೆರೆಗೆ ದಿನಾ ಓಡಾಡುವ ಬಿಇ ವಿದ್ಯಾರ್ಥಿ. ನಮ್ಮ ತಂಡ ಮೆಕ್ಕೆಜೋಳದ ದರದ ಏರಿಳಿತವನ್ನು ‘ಆರ್’ ಎಂಬ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತಿದೆ. ಮನೆಯಲ್ಲಿರುವುದು ನಾಲ್ಕು ಕೋರ್‌ನ ಒಂದೇ ಲ್ಯಾಪ್‌ಟಾಪ್. ಹಿಂದೆ ನನ್ನ ಲೆಕ್ಕ ಓಡುತ್ತಿದ್ದರೆ, ಮುಂದೆ ಕೆಎಎಸ್‌ಗೆ ಓದುತ್ತಿರುವ ಅಕ್ಕನ ಪಾಠದ ವಿಡಿಯೊ. ನಾಲ್ಕೂ ಕೋರ್ ಆರ್‌ಗೆ ಕೊಟ್ಟರೆ ಫ್ಯಾನ್ ಗುಂಯ್‌ಗುಡುತ್ತದೆ, ವಿಡಿಯೊದ ಮೇಷ್ಟ್ರು ಬಾಯಿ ತೆರೆದಲ್ಲೇ ನಿಲ್ಲುತ್ತಾರೆ. ‘ನಿನ್ನ ಜೋಳ ಆಮೇಲೆ ಒಣಗಿಸ್ಕೊಳೋ’ ಎನ್ನುತ್ತಾಳೆ ಅಕ್ಕ. ಹಗಲಿನಲ್ಲಿ ಎರಡೇ ಥ್ರೆಡ್ ಎಂಬ ಒಪ್ಪಂದ ಆಗಿದೆ.

ಅದರಿಂದ ನನಗೇನೂ ದೊಡ್ಡ ನಷ್ಟವಿಲ್ಲ. ನಮ್ಮೂರಿನ ಬೆಣ್ಣೆ ದೋಸೆಯನ್ನೇ ನೋಡಿ. ನಾಲ್ಕು ಹಂಚಿಗೆ ನಾಲ್ಕು ಜನ ನಿಂತರೆ ದೋಸೆ ಬೇಗ ಬೇಗ ಬರುತ್ತದೆ. ಆದರೆ ಹಿಟ್ಟು ಹುಳಿ ಬರಲು ಒಂದು ರಾತ್ರಿ ಬೇಕೇ ಬೇಕು, ನಾಲ್ವರು ಕೂತು ಕಾದರೂ ಅಷ್ಟೇ. ನಿನ್ನೆಯ ದರದ ಮೇಲೆ ಇಂದಿನ ಅಂದಾಜು ನಿಲ್ಲುವ ಲೆಕ್ಕ ಹುಳಿ ಬರುವ ಹಿಟ್ಟಿನಂಥದ್ದು. ಒಂದೇ ದತ್ತಾಂಶದಿಂದ 10,000 ಮಾದರಿ ಎತ್ತಿ ಬೇರೆ ಬೇರೆಯಾಗಿ ಲೆಕ್ಕ ಹಾಕುವುದು ಹಂಚಿನ ಕೆಲಸ. 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ್ದೂ ಇದನ್ನೇ. 20 ನಿಮಿಷದ ಕೆಲಸದಲ್ಲಿ ಅರ್ಧವನ್ನಷ್ಟೇ ಹಂಚಲು ಬರುವಂತಿದ್ದರೆ, ನಾಲ್ಕು ಕೋರ್ ಹಾಕಿದರೂ 10 ನಿಮಿಷಕ್ಕೆ ಎರಡೂವರೆ ಸೇರಿ ಹನ್ನೆರಡೂವರೆ ನಿಮಿಷ ಬೇಕು. ನೂರು ಕೋರ್ ಕೊಟ್ಟರೂ 10ಕ್ಕಿಂತ ಕೆಳಗಿಳಿಯದು.

ಆರ್‌ನಲ್ಲಿ ನಾವು ಬರೆಯುವ ಸಾಮಾನ್ಯ ಲೂಪ್ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ಹೊಸ ಲ್ಯಾಪ್‌ಟಾಪಿನ ಎಂಟು ಕೋರ್‌ಗಳಲ್ಲಿ ಏಳು ಸುಮ್ಮನೆ ಕೂತಿರುತ್ತವೆ. ಮ್ಯಾಟ್ರಿಕ್ಸ್ ಗುಣಾಕಾರ ಹಲವು ಥ್ರೆಡ್ ಬಳಸಬೇಕಾದರೆ ‘ಓಪನ್‌ಬ್ಲಾಸ್’ನಂಥ ಗ್ರಂಥಾಲಯ ಜೋಡಿಸಿರಬೇಕು. ‘ಡೇಟಾ.ಟೇಬಲ್’ ಪ್ಯಾಕೇಜ್ ಮಾತ್ರ ಸಭ್ಯಸ್ಥ: ತಾನಾಗಿ ಅರ್ಧದಷ್ಟು ಕೋರ್‌ಗಳನ್ನಷ್ಟೇ ತೆಗೆದುಕೊಳ್ಳುತ್ತದೆ, ‘ಸೆಟ್‌ಡಿಟಿಥ್ರೆಡ್ಸ್’ಗೆ 1 ಕೊಟ್ಟರೆ ಒಂದಕ್ಕೇ ಇಳಿಯುತ್ತದೆ. ಎಸ್‌ಎಎಸ್‌ನಲ್ಲಂತೂ ‘ಥ್ರೆಡ್ಸ್’, ‘ನೋಥ್ರೆಡ್ಸ್’ ಎಂದು ಎರಡು ಆಯ್ಕೆಗಳೇ ಇವೆ.

ಆಫ್ ಮಾಡಲೇಬೇಕಾದ ಸಂದರ್ಭವೂ ಇದೆ. ನಾಲ್ಕು ಪ್ರೋಸೆಸ್ ಹುಟ್ಟುಹಾಕಿ, ಪ್ರತಿಯೊಂದೂ ಒಳಗೆ ನಾಲ್ಕು ಥ್ರೆಡ್ ತೆರೆದರೆ 16 ಥ್ರೆಡ್‌ಗಳು ನಾಲ್ಕು ಕೋರ್‌ಗಾಗಿ ಕಿತ್ತಾಡುತ್ತವೆ. ಚಿಕ್ಕ ದತ್ತಾಂಶವಾದರೆ ಹಂಚಿ ಒಟ್ಟುಗೂಡಿಸುವ ಖರ್ಚೇ ಲೆಕ್ಕಕ್ಕಿಂತ ಹೆಚ್ಚಾಗಬಹುದು. ಊಹಿಸುವ ಬದಲು ‘ಸಿಸ್ಟಮ್.ಟೈಮ್’ ಹಾಕಿ 1, 2, 4 ಥ್ರೆಡ್‌ಗಳಲ್ಲಿ ಓಡಿಸಿ ನೋಡಿ. ‘ಯೂಸರ್’ ಸಮಯ ಏರಿ ‘ಎಲಾಪ್ಸ್ಡ್’ ಇಳಿಯದಿದ್ದರೆ ಕರೆಂಟ್ ಖರ್ಚಷ್ಟೇ.

ಫಲಿತಾಂಶದ ಕೊನೆಯ ಅಂಕಿ ಬದಲಾದರೆ ಗಾಬರಿ ಬೇಡ. ಕಂಪ್ಯೂಟರಿನಲ್ಲಿ 0.1, 0.2 ಮೊದಲು ಕೂಡಿಸಿ ಆಮೇಲೆ 0.3 ಸೇರಿಸಿದರೆ 0.6000000000000001 ಬರುತ್ತದೆ, 0.2, 0.3 ಮೊದಲು ಕೂಡಿಸಿದರೆ ಸರಿಯಾಗಿ 0.6. ಥ್ರೆಡ್ ಬದಲಾದರೆ ಕೂಡಿಸುವ ಸರದಿಯೂ ಬದಲಾಗಬಹುದು. ಹಾಗಾಗಿ ನಮ್ಮ ವರದಿಯಲ್ಲಿ ಆರ್‌ನ ಆವೃತ್ತಿಯ ಪಕ್ಕದಲ್ಲೇ ಥ್ರೆಡ್‌ಗಳ ಸಂಖ್ಯೆಯನ್ನೂ ಬರೆದಿದ್ದೇವೆ. ವೈವಾದಲ್ಲಿ ಕೇಳಿದರೆ ಉತ್ತರ ತಯಾರಿದೆ.