ಗುರು ಪಕ್ಕದಲ್ಲಿರುವಷ್ಟು ದಿನ

ಹಿರಿಯೂರಿನಿಂದ ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಓಡಿಸಿದ ಮಾತ್ರಕ್ಕೆ ಲಾರಿ ಕಲಿತಂತಾಗದು. ನಡುವೆ ಡಿವೈಡರ್ ಇದೆ, ಎದುರಿನಿಂದ ವಾಹನ ಬರುವುದಿಲ್ಲ, ಟಾಪ್ ಗೇರಿಗೆ ಹಾಕಿದರೆ ಬಹಳ ಹೊತ್ತು ಬದಲಿಸುವ ಕೆಲಸವಿಲ್ಲ. ಹೊಸಬರಿಗೆ ಸ್ಟೇರಿಂಗ್ ಕೊಡಲು ಹಿರಿಯ ಚಾಲಕರಿಗೂ ಇಂಥ ರಸ್ತೆಯೇ ಹಿತ. ಆದರೆ ಗುರು ಪಕ್ಕದಲ್ಲಿರುವ ದಿನಗಳು ತೀರಾ ಕಡಿಮೆ. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗಾಗಿ 2021ರಲ್ಲಿ ಬಂದ ನಿಯಮದಲ್ಲೂ ಭಾರಿ ವಾಹನದ ಕಲಿಕೆ, ತರಗತಿಯ ಪಾಠ ಸೇರಿ, 6 ವಾರಗಳಲ್ಲಿ 38 ಗಂಟೆ ಮಾತ್ರ. ಅದನ್ನು ಸುಲಭದ ರಸ್ತೆಯಲ್ಲಿ ಕಳೆಯುವುದು ನಷ್ಟ. ಹೊಸದುರ್ಗ, ಹೊಳಲ್ಕೆರೆ ಕಡೆಯ ಕಿರಿದಾದ ರಸ್ತೆ, ಎಪಿಎಂಸಿಯ ಇಕ್ಕಟ್ಟು, ರಿವರ್ಸ್, ಇಳಿಜಾರು: ಇವನ್ನು ಗುರುವಿನ ಎದುರೇ ಮಾಡಿಸಿಕೊಳ್ಳಬೇಕು, ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಬೇಕು.

ಲೋಡಿನ ಪಾಠವಂತೂ ಚಿತ್ರದುರ್ಗ ಜಿಲ್ಲೆಯಲ್ಲಿ ಕಲಿತಷ್ಟೂ ಇದೆ. ಕಬ್ಬಿಣದ ಅದಿರು ಬಾಡಿಯ ತಳದಲ್ಲಷ್ಟೇ ಇದ್ದಂತೆ ಕಂಡರೂ ತೂಕ ಮಿತಿ ಮುಟ್ಟಿರುತ್ತದೆ. ಖಾಲಿ ಗಾಡಿಯ ಅಂದಾಜಿನಲ್ಲಿ ಬ್ರೇಕ್ ಒತ್ತಿದವರಿಗೆ ಗಾಡಿ ನಿಲ್ಲುವಷ್ಟರಲ್ಲಿ ರಸ್ತೆ ಮುಗಿದಿರುತ್ತದೆ. ಎತ್ತರಕ್ಕೆ ಪೇರಿಸಿದ ಕೊಬ್ಬರಿ ಚೀಲಗಳು ತಿರುವಿನಲ್ಲಿ ಗಾಡಿಯನ್ನು ವಾಲಿಸುತ್ತವೆ. 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತೇವೆ, ಅದೂ ಕಾಲು ಬ್ರೇಕಿಗೆ ಹೋಗುವ ಮೊದಲೇ. ಇಳಿಜಾರಿನಲ್ಲಿ ಬ್ರೇಕನ್ನು ಮತ್ತೆ ಮತ್ತೆ ತುಳಿದರೆ ಟ್ಯಾಂಕಿನ ಗಾಳಿ ಇಳಿಯುತ್ತದೆ, ಡ್ರಮ್ ಕಾಯುತ್ತದೆ, ಹಿಡಿತ ತಪ್ಪುತ್ತದೆ. ಹತ್ತುವಾಗ ಹಾಕಿದಂಥ ಕೆಳಗಿನ ಗೇರಿನಲ್ಲೇ ಇಳಿಸಿ, ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಅಭ್ಯಾಸ ಪುಸ್ತಕ ಓದಿ ಬರುವುದಲ್ಲ. ಪಕ್ಕದಲ್ಲಿ ಕೂತವರು ಸದ್ದು ಕೇಳಿಯೇ ‘ಈಗ ಗೇರ್ ಇಳಿಸು’ ಅನ್ನಬೇಕು.

ಮೊದಲೆಲ್ಲ ಕ್ಲೀನರ್ ಆಗಿ ಸೇರಿ, ಟೈರ್ ಬಿಚ್ಚಿ, ಟಾರ್ಪಾಲು ಕಟ್ಟಿ ವರ್ಷಗಟ್ಟಲೆ ನೋಡಿ ಕಲಿಯುತ್ತಿದ್ದರಲ್ಲ, ಈಗ ಬೇರೆ ತರಬೇತಿ ಏಕೆ ಎನ್ನುವವರಿದ್ದಾರೆ. ಆ ಪದ್ಧತಿಗೆ ಬೆಲೆ ಇದೆ. ಹಗ್ಗದ ಬಿಗಿತ, ಹಬ್ಬಿನ ಬಿಸಿ ಕೈಗೆ ತಿಳಿದದ್ದು ಅಲ್ಲಿಯೇ. ಆದರೆ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಅಪಾಯದ ಚಾಳಿಯೂ ಅಲ್ಲಿಂದಲೇ ಹರಿದುಬಂತು. ಅದೂ ಅಲ್ಲದೆ ಕ್ಲೀನರ್ ಇಲ್ಲದೆ ಓಡುವ ಲಾರಿಗಳು ಈಗ ಬಹಳ. 7,500 ಕೆ.ಜಿ.ವರೆಗಿನ ಸರಕು ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಕಾರು ಓಡಿಸಿ ಗೊತ್ತಿರುವ ಹುಡುಗ ನಾಳೆಯೇ ಈರುಳ್ಳಿ ಲೋಡಿನ ಗಾಡಿ ಹತ್ತಬಹುದು. ಕಾನೂನು ಕೇಳದಿದ್ದರೂ ಅವನಿಗೆ ಗುರು ಬೇಕು.

ಮಾಲೀಕರ ಆಕ್ಷೇಪ ಖರ್ಚಿನದು: ಇಬ್ಬರ ಭತ್ಯೆ, ತಡವಾಗುವ ಟ್ರಿಪ್. ನಿಜ. ಆದರೆ ಒಂದು ಕ್ಲಚ್ ಪ್ಲೇಟ್ ಸುಟ್ಟರೂ, ಒಂದು ರಿವರ್ಸಿನಲ್ಲಿ ಗೋಡೆ ಬಿದ್ದರೂ ಆ ಉಳಿತಾಯ ನಿಲ್ಲುವುದಿಲ್ಲ. ಜೀವ ಹೋದರಂತೂ ಲೆಕ್ಕವೇ ಬೇರೆ. ಗೊತ್ತಿಲ್ಲವೆಂದು ಹೇಳಲು ನಾಚುವ ಹುಡುಗನನ್ನು ಬೈದು ಕೂರಿಸುವ ಹಿರಿಯರೂ ಇದನ್ನು ಯೋಚಿಸಬೇಕು, ಹೆದರಿದವನು ತಪ್ಪನ್ನು ಮುಚ್ಚಿಡುತ್ತಾನೆ. ಮಾಲೀಕರೇ, ಹೊಸ ಚಾಲಕನನ್ನು ಮೊದಲ ತಿಂಗಳು ಒಂಟಿಯಾಗಿ ರಾತ್ರಿ ಲೋಡಿಗೆ ಕಳಿಸಬೇಡಿ.