ಕಣಜ ಮನೆಯದು, ಬೀಗದ ಕೈ ಪರರದು

ರಾತ್ರಿ ಎಂಟು ಗಂಟೆಯ ಸಮಯ. ಅಮೆರಿಕದ ಯಾವುದೋ ಊರಿನ ಒಂದು ಮಧ್ಯಮ ವರ್ಗದ ಮನೆ. ಯಜಮಾನನಿಗೆ ಬೇಸ್‌ಬಾಲ್ ಪಂದ್ಯ ಬೇಕು, ಅವನ ಪತ್ನಿಗೆ ಅದೇ ಹೊತ್ತಿಗೆ ಬರುವ ಪತ್ತೇದಾರಿ ಧಾರಾವಾಹಿ ಬೇಕು, ಮಕ್ಕಳಿಗೆ ಕಾರ್ಟೂನು, ಮಹಡಿಯ ಕೋಣೆಯಲ್ಲಿರುವ ಅಜ್ಜಿಗೆ ವಾರ್ತೆ. ಗಡಿಯಾರ ಒಂದೇ, ಬಯಕೆ ನಾಲ್ಕು. ಇಂತಹ ಜಗಳ ಯಾವ ದೇಶದ ಯಾವ ಮನೆಗೆ ಹೊಸದು?

ಆದರೆ 2010ರ ಸುಮಾರಿಗೆ ಆ ದೇಶದ ಕೆಲವು ಮನೆಗಳಲ್ಲಿ ಈ ಜಗಳ ನಿಂತುಹೋಗಿದ್ದಿತು. ನೆಲಮಾಳಿಗೆಯಲ್ಲೋ ಬಟ್ಟೆಯ ಬೀರುವಿನ ಮೂಲೆಯಲ್ಲೋ ಸದ್ದಿಲ್ಲದೆ ಕುಳಿತ ಒಂದು ಕಂಪ್ಯೂಟರು ಆ ನಾಲ್ಕು ಕಾರ್ಯಕ್ರಮಗಳನ್ನೂ ಏಕಕಾಲದಲ್ಲಿ ಕೇಬಲ್ ತಂತಿಯಿಂದ ಹಿಡಿದು ತನ್ನ ಹೊಟ್ಟೆಯಲ್ಲಿ ಮುದ್ರಿಸಿಟ್ಟುಕೊಳ್ಳುತ್ತಿತ್ತು. ಮನೆಯ ಯಾವ ಕೋಣೆಯಲ್ಲಿ ಯಾರು, ಯಾವಾಗ ಕೇಳಿದರೂ ತೆಗೆದು ಬಡಿಸುತ್ತಿತ್ತು. ಸುಗ್ಗಿಯಲ್ಲಿ ಬಂದ ಕಾಳನ್ನು ಕಣಜದಲ್ಲಿ ತುಂಬಿ ವರ್ಷವೆಲ್ಲ ಉಣ್ಣುವ ನಮ್ಮ ಹಳ್ಳಿಯ ಮನೆಗಳ ರೀತಿಯೇ ಅದು. ಈ ಕಣಜವನ್ನು ಕಟ್ಟಿದ ಬಗೆ ಸೋಜಿಗದ್ದು. ಅದು ಬರಿದಾದ ಬಗೆ ಅದಕ್ಕಿಂತಲೂ ವಿಚಾರಾರ್ಹವಾದುದು.

ಒಂದು ಮತದ ಅಂತರ

ಬಿತ್ತರವಾದುದನ್ನು ಮನೆಯಲ್ಲಿ ಮುದ್ರಿಸಿಕೊಂಡು ಬಿಡುವಾದಾಗ ನೋಡುವುದರಲ್ಲಿ ತಪ್ಪೇನಿದೆ ಎಂದು ಇಂದು ಯಾರಾದರೂ ಕೇಳಿಯಾರು. ಆದರೆ ಈ ಹಕ್ಕು ಸುಲಭವಾಗಿ ದೊರೆತುದಲ್ಲ. 1975ರಲ್ಲಿ ಜಪಾನಿನ ಸೋನಿ ಸಂಸ್ಥೆ ಬೀಟಾಮ್ಯಾಕ್ಸ್ ಎಂಬ ಮುದ್ರಣಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು ಅದರ ಮೇಲೆ ದಾವೆ ಹೂಡಿದುವು. ಮನೆಮನೆಯಲ್ಲಿಯೂ ಕೃತಿಚೌರ್ಯ ನಡೆಯುತ್ತಿದೆ, ಆ ಚೌರ್ಯಕ್ಕೆ ಸೋನಿಯೇ ಉಪಕರಣ ಒದಗಿಸುತ್ತಿದೆ ಎಂಬುದು ಅವುಗಳ ವಾದ. 1979ರಲ್ಲಿ ಕೆಳಗಿನ ನ್ಯಾಯಾಲಯ ಸೋನಿಯ ಪರವಾಗಿ ತೀರ್ಪಿತ್ತಿತು. 1981ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ತಿರುಗಿಸಿತು. ಸುಪ್ರೀಂ ಕೋರ್ಟು 1983ರಲ್ಲಿ ಎರಡು ಬಾರಿ ವಾದವನ್ನು ಆಲಿಸಿ, ಕೊನೆಗೆ 1984ರ ಜನವರಿ 17ರಂದು ತನ್ನ ನಿರ್ಣಯವನ್ನು ಸಾರಿತು. ಮನೆಯವರು ತಮ್ಮ ಅನುಕೂಲದ ವೇಳೆಯಲ್ಲಿ ನೋಡುವುದಕ್ಕಾಗಿ ಮುದ್ರಿಸಿಕೊಳ್ಳುವುದು ನ್ಯಾಯಸಮ್ಮತವೆಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಒಂದೇ ಒಂದು ಮತ ಅತ್ತಿತ್ತ ಸರಿದಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿದ್ದಿತು.

ಆ ತೀರ್ಪಿನಲ್ಲಿ ಮಕ್ಕಳ ಕಾರ್ಯಕ್ರಮವೊಂದರ ನಿರ್ವಾಹಕರಾದ ಫ್ರೆಡ್ ರೋಜರ್ಸ್ ಅವರ ಸಾಕ್ಷ್ಯದ ಉಲ್ಲೇಖವಿದೆ. ತಮ್ಮ ಕಾರ್ಯಕ್ರಮವನ್ನು ಮನೆಗಳಲ್ಲಿ ಮುದ್ರಿಸಿಕೊಂಡು, ತಂದೆತಾಯಿಗಳು ಮಕ್ಕಳೊಡನೆ ಕುಳಿತು ತಮಗೆ ಒಪ್ಪುವ ಹೊತ್ತಿನಲ್ಲಿ ನೋಡುವುದಾದರೆ ಅದರಿಂದ ಕುಟುಂಬಗಳಿಗೆ ಉಪಕಾರವೇ ಹೊರತು ಅಪಕಾರವಿಲ್ಲವೆಂಬುದು ಅವರ ನಿಲುವಾಗಿದ್ದಿತು. ಮನೆಯ ಹೊತ್ತಿಗೆ ಮನೆಯವರೇ ಒಡೆಯರು ಎಂಬ ಮಾತು ಹೀಗೆ ನ್ಯಾಯಪೀಠದವರೆಗೂ ತಲುಪಿತು.

ಟೇಪಿನ ಕಾಲ ಮುಗಿದು 1999ರಲ್ಲಿ ಟಿವೋ ಮತ್ತು ರೀಪ್ಲೇಟಿವಿ ಎಂಬ ಯಂತ್ರಗಳು ಬಂದುವು. ಇವು ಕಾರ್ಯಕ್ರಮವನ್ನು ಮುದ್ರಿಸಿದುದು ಕಂಪ್ಯೂಟರಿನ ಡಿಸ್ಕಿನ ಮೇಲೆ. ಯಂತ್ರದೊಳಗಿರುವುದು ಡಿಸ್ಕೇ ಆದರೆ ಮನೆಯ ಕಂಪ್ಯೂಟರಿಗೇ ಆ ಕೆಲಸ ಏಕೆ ಬಾರದು? 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಮೀಡಿಯಾ ಸೆಂಟರ್ ಎಂಬ ತಂತ್ರಾಂಶವನ್ನು ಹೊರತಂದಿತು. ಅದೇ ವರ್ಷ ಹವ್ಯಾಸಿಗಳು ಮಿಥ್‌ಟಿವಿ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟತೊಡಗಿದರು. ಮೊದಲನೆಯದು ಅಂಗಡಿಯ ಸರಕು. ಎರಡನೆಯದು ಹತ್ತು ಕೈಗಳು ಸೇರಿ ಮಾಡಿದ ಮನೆಯಡಿಗೆ.

ಮನೆಯೊಳಗಿನ ಏರ್ಪಾಡು

ಇಂತಹ ಏರ್ಪಾಡಿಗೆ ಭಾರಿ ಶಕ್ತಿಯ ಕಂಪ್ಯೂಟರೇನೂ ಬೇಕಾಗಿರಲಿಲ್ಲ. ಹಳೆಯ ಅನಲಾಗ್ ಕೇಬಲಿನ ಕಾಲದಲ್ಲಿ ಬಂದ ಚಿತ್ರವನ್ನು ಅಂಕಿಗಳಾಗಿ ಪರಿವರ್ತಿಸುವ ಶ್ರಮವಿದ್ದಿತು. ಅದಕ್ಕಾಗಿ ವಿಶೇಷವಾದ ಕಾರ್ಡುಗಳನ್ನು ಒಳಗೆ ಕೂರಿಸುತ್ತಿದ್ದರು. ಡಿಜಿಟಲ್ ಕೇಬಲಿನಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿಯೇ ಬರುತ್ತದೆ. ಬಂದುದನ್ನು ಬಂದಂತೆಯೇ ಡಿಸ್ಕಿಗೆ ಬರೆದಿಡುವುದಷ್ಟೇ ಕಂಪ್ಯೂಟರಿನ ಪಾಲಿಗೆ ಉಳಿದ ಕೆಲಸ. ಆದುದರಿಂದ ಗೃಹಸ್ಥರು ಯಂತ್ರದ ವೇಗಕ್ಕಿಂತ ಅದರ ಮೌನಕ್ಕೆ ಹೆಚ್ಚು ಬೆಲೆ ಕೊಟ್ಟರು. ಹಗಲೂ ರಾತ್ರಿಯೂ ದುಡಿಯುವ ಯಂತ್ರ ಗುಂಯ್‌ಗುಡುತ್ತಿದ್ದರೆ ಮಲಗುವುದೆಂತು?

ಡಿಸ್ಕಿನ ಲೆಕ್ಕ ಸರಳವಾದುದು. ಸ್ಪಷ್ಟ ಚಿತ್ರದ ಒಂದು ಗಂಟೆಯ ಕಾರ್ಯಕ್ರಮಕ್ಕೆ ಹೆಚ್ಚುಕಡಮೆ 6ರಿಂದ 8 ಗಿಗಾಬೈಟ್ ಸ್ಥಳ ಬೇಕು. 2,000 ಗಿಗಾಬೈಟಿನ ಒಂದು ಡಿಸ್ಕಿನಲ್ಲಿ ಸುಮಾರು 250 ಗಂಟೆಗಳ ಕಾರ್ಯಕ್ರಮ ಹಿಡಿಯುತ್ತದೆ. ದಿನಕ್ಕೆ ಎರಡು ಗಂಟೆ ನೋಡುವವರಿಗೆ ನಾಲ್ಕು ತಿಂಗಳ ದಾಸ್ತಾನು!

ಕಂಪ್ಯೂಟರಿಗೂ ಕೇಬಲಿಗೂ ನಡುವೆ ನಿಲ್ಲುವುದು ಟ್ಯೂನರ್ ಎಂಬ ಸಾಧನ. ಒಂದೊಂದು ಟ್ಯೂನರು ಒಂದು ಸಮಯಕ್ಕೆ ಒಂದು ವಾಹಿನಿಯನ್ನು ಮಾತ್ರ ಹಿಡಿಯಬಲ್ಲುದು. 2010ರಲ್ಲಿ ಬಂದ ಸೆಟಾನ್ ಕಂಪನಿಯ ಕಾರ್ಡು ಕಂಪ್ಯೂಟರಿನ ಒಳಗೇ ಕುಳಿತು ನಾಲ್ಕು ವಾಹಿನಿಗಳನ್ನು ಹಿಡಿಯಿತು. 2011ರ ಎಚ್‌ಡಿಹೋಮ್‌ರನ್ ಪ್ರೈಮ್ ಎಂಬ ಪುಟ್ಟ ಪೆಟ್ಟಿಗೆ ಹೊರಗಿದ್ದುಕೊಂಡೇ ಮೂರು ವಾಹಿನಿಗಳನ್ನು ಹಿಡಿದು ಮನೆಯ ನೆಟ್‌ವರ್ಕಿಗೆ ಹರಿಯಬಿಟ್ಟಿತು.

ಇನ್ನು ಕೋಣೆಕೋಣೆಗೆ ಹಂಚುವ ಕೆಲಸ. ಪ್ರತಿ ಟೆಲಿವಿಷನ್ನಿಗೂ ಒಂದು ಕಂಪ್ಯೂಟರನ್ನು ಇಡಬೇಕಾಗಿರಲಿಲ್ಲ. ಮಕ್ಕಳು ಆಡುವ ಎಕ್ಸ್‌ಬಾಕ್ಸ್ 360 ಪೆಟ್ಟಿಗೆಯೇ ಮೀಡಿಯಾ ಸೆಂಟರಿನ ದೂತನಾಗಿ ನಿಲ್ಲುತ್ತಿತ್ತು. ಒಂದು ಕಂಪ್ಯೂಟರಿಗೆ ಇಂತಹ ಐದು ದೂತರವರೆಗೆ ಸೇರಿಸಬಹುದಾಗಿತ್ತು. ಗಾಳಿಯಲ್ಲಿ ಹೋಗುವ ವೈಫೈ ಗೋಡೆಗಳ ನಡುವೆ ತಡವರಿಸುತ್ತಿದ್ದುದರಿಂದ ಅನುಭವಿಗಳು ತಂತಿಯನ್ನೇ ಎಳೆದರು. ಗೋಡೆ ಕೊರೆಯಲು ಮನಸ್ಸಿಲ್ಲದವರು ಮನೆಯಲ್ಲಿ ಮೊದಲೇ ಇದ್ದ ಕೇಬಲ್ ತಂತಿಯ ಮೇಲೆಯೇ ನೆಟ್‌ವರ್ಕನ್ನೂ ಸಾಗಿಸುವ ಮೋಕಾ ಎಂಬ ಉಪಾಯವನ್ನು ಹಿಡಿದರು.

ಮನೆಯಾಕೆಗೆ ಇದರಿಂದಾದ ಲಾಭವನ್ನು ಹೇಳಲೇಬೇಕು. ತೆರೆಯ ಮೇಲೆ ಮುಂದಿನ ಎರಡು ವಾರಗಳ ಕಾರ್ಯಕ್ರಮ ಪಟ್ಟಿ ಮೂಡುತ್ತದೆ. ಧಾರಾವಾಹಿಯ ಹೆಸರನ್ನು ಒಮ್ಮೆ ಸೂಚಿಸಿದರೆ ಸಾಕು. ಅದು ಯಾವ ದಿನಕ್ಕೆ ಬದಲಾದರೂ ಯಂತ್ರ ಹುಡುಕಿ ಹಿಡಿಯುತ್ತದೆ. ಪಂದ್ಯಗಳು ಹೊತ್ತು ಮೀರುವುದುಂಟು. ಅದಕ್ಕಾಗಿ ಕೊನೆಗೆ ಅರ್ಧ ಗಂಟೆ ಹೆಚ್ಚು ಮುದ್ರಿಸಲು ಹೇಳಬಹುದು. ಹೊಲಿಗೆಯಾಗಲಿ ಪಾತ್ರೆಯಾಗಲಿ ಕೆಲಸ ಮುಗಿದ ಮೇಲೆ ನಿಶ್ಚಿಂತೆಯಿಂದ ಕುಳಿತರಾಯಿತು, ಕಥೆ ಕಾದಿರುತ್ತದೆ.

ಬೀಗದ ಕೈಯ ವೃತ್ತಾಂತ

ಇಷ್ಟೆಲ್ಲ ಇದ್ದರೂ ಒಂದು ತೊಡಕು ಉಳಿದಿದ್ದಿತು. ಡಿಜಿಟಲ್ ಕೇಬಲಿನ ವಾಹಿನಿಗಳು ಗೂಢಲಿಪಿಯಲ್ಲಿ ಬರುತ್ತವೆ. ಅದನ್ನು ಬಿಡಿಸುವ ಕೀಲು ಕಂಪನಿಯ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆಗೆ ತಿಂಗಳುತಿಂಗಳೂ ಬಾಡಿಗೆ. ಸೆನೆಟರುಗಳಾದ ಎಡ್ ಮಾರ್ಕಿ ಮತ್ತು ರಿಚರ್ಡ್ ಬ್ಲುಮೆಂಥಾಲ್ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸರಾಸರಿ ಕುಟುಂಬವೊಂದು ಪೆಟ್ಟಿಗೆಗಳ ಬಾಡಿಗೆಗೆಂದೇ ವರ್ಷಕ್ಕೆ 231 ಡಾಲರಿಗೂ ಮಿಕ್ಕಿ ತೆರುತ್ತಿದ್ದಿತು.

ಇದು ಸಲ್ಲದೆಂದು ಅಮೆರಿಕದ ಕಾಂಗ್ರೆಸ್ಸು 1996ರಲ್ಲಿಯೇ ದೂರಸಂಪರ್ಕ ಕಾಯಿದೆಯಲ್ಲಿ ಒಂದು ವಿಧಿಯನ್ನು ಸೇರಿಸಿದ್ದಿತು. ಗ್ರಾಹಕನು ತನಗೆ ಬೇಕಾದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಕೊಂಡು ಬಳಸುವಂತಾಗಬೇಕೆಂಬುದು ಅದರ ಆಶಯ. ಆ ಆಶಯದ ಫಲವೇ ಕೇಬಲ್‌ಕಾರ್ಡ್. ನೋಡಲು ಹೆಚ್ಚುಕಡಮೆ ಕ್ರೆಡಿಟ್ ಕಾರ್ಡಿನ ಅಳತೆಯ ಲೋಹದ ಬಿಲ್ಲೆ. ಗೂಢಲಿಪಿಯನ್ನು ಬಿಡಿಸುವ ವಿದ್ಯೆಯೆಲ್ಲ ಅದರೊಳಗೆ. ಕಂಪನಿಯಿಂದ ಕಾರ್ಡನ್ನು ಪಡೆದು ಟ್ಯೂನರಿನ ಸೀಳಿನಲ್ಲಿ ತೂರಿಸಿದರೆ ವಾಹಿನಿಗಳ ಬಾಗಿಲು ತೆರೆಯಬೇಕು. ಕಂಪನಿಗಳು ತಮ್ಮ ಪೆಟ್ಟಿಗೆಗಳಲ್ಲಿಯೂ ಇದೇ ಕಾರ್ಡನ್ನು ಬಳಸತಕ್ಕದ್ದೆಂಬ ನಿಯಮ 2007ರ ಜುಲೈ 1ರಿಂದ ಜಾರಿಗೆ ಬಂದಿತು. ತಾನು ಉಣ್ಣುವ ಅನ್ನವನ್ನು ಯಾರೂ ಕೆಡಿಸಲಾರರಷ್ಟೆ!

ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಳ್ಳಲ್ಲ. ಕಾರ್ಡನ್ನು ಟ್ಯೂನರಿನೊಡನೆ ಜೋಡಿಸುವುದೆಂದರೆ ಒಂದು ವ್ರತದಂತೆಯೇ ಆಗಿದ್ದಿತು. ತೆರೆಯ ಮೇಲೆ ಕಾಣುವ ಉದ್ದುದ್ದನೆಯ ಸಂಖ್ಯೆಗಳನ್ನು ದೂರವಾಣಿಯಲ್ಲಿ ಒಂದೊಂದಾಗಿ ಓದಿ ಹೇಳಬೇಕು. ಆ ತುದಿಯಲ್ಲಿರುವವರು ಅವನ್ನು ತಮ್ಮ ಲೆಕ್ಕದಲ್ಲಿ ತಪ್ಪಿಲ್ಲದೆ ಬರೆದುಕೊಳ್ಳಬೇಕು. ಒಂದು ಅಂಕಿ ಜಾರಿದರೂ ತೆರೆ ಕಪ್ಪಾಗಿಯೇ ಉಳಿಯುತ್ತಿತ್ತು. 2009ರವರೆಗೆ ಇಂತಹ ಟ್ಯೂನರುಗಳು ಅನುಮೋದನೆ ಪಡೆದ ತಯಾರಕರ ಕಂಪ್ಯೂಟರುಗಳೊಡನೆ ಮಾತ್ರ ಬರುತ್ತಿದ್ದುವು. ಆ ವರ್ಷ ಕಟ್ಟು ಸಡಿಲವಾದ ಮೇಲೆಯೇ ಸ್ವಂತವಾಗಿ ಯಂತ್ರ ಕಟ್ಟಿಕೊಂಡವರಿಗೂ ದಾರಿಯಾಯಿತು.

ಕಾರ್ಡು ತೆರೆದ ಬಾಗಿಲಲ್ಲಿಯೂ ಒಂದು ಕಾವಲಿದ್ದಿತು. ಪ್ರತಿ ವಾಹಿನಿಯ ಜೊತೆಗೆ ಒಂದು ಗುರುತು ಬರುತ್ತದೆ. 'ಯಥೇಚ್ಛ ಪ್ರತಿ ಮಾಡಬಹುದು' ಎಂಬುದು ಒಂದು. 'ಒಮ್ಮೆ ಮಾತ್ರ' ಎಂಬುದು ಇನ್ನೊಂದು. ಒಮ್ಮೆ ಮಾತ್ರವೆಂದು ಗುರುತಾದ ಕಾರ್ಯಕ್ರಮವನ್ನು ಮೀಡಿಯಾ ಸೆಂಟರು ಮುದ್ರಿಸಿಕೊಳ್ಳುತ್ತದೆ. ಆದರೆ ಮುದ್ರಿಸಿದ ಆ ಕಂಪ್ಯೂಟರಿನಲ್ಲಿ ಮತ್ತು ಅದರ ದೂತ ಪೆಟ್ಟಿಗೆಗಳಲ್ಲಿ ಹೊರತು ಬೇರೆಲ್ಲಿಯೂ ಅದು ತೆರೆಯದು. ಮಿಥ್‌ಟಿವಿಯ ಪಾಲಿಗಂತೂ ಯಥೇಚ್ಛವೆಂದು ಗುರುತಾದ ವಾಹಿನಿಗಳಷ್ಟೇ ಉಳಿದುವು. ಹೀಗಾಗಿ ಮುದ್ರಿಸಿದ ಕಂಪ್ಯೂಟರು ಕೆಟ್ಟು ನಿಂತರೆ, ಡಿಸ್ಕು ಕೂದಲು ಕೊಂಕದೆ ಉಳಿದಿದ್ದರೂ, ಅದರಲ್ಲಿರುವ ನೂರಾರು ಗಂಟೆಗಳ ಕಾರ್ಯಕ್ರಮ ಇದ್ದೂ ಇಲ್ಲದಂತೆ. ಕಾಳು ಕಣಜದಲ್ಲಿದೆ; ಬೇಯಿಸುವಂತಿಲ್ಲ.

ಒಂದೊಂದೇ ಗೂಟ

ಈ ಕಣಜ ಒಂದೇ ದಿನ ಕುಸಿಯಲಿಲ್ಲ. 2012ರ ವಿಂಡೋಸ್ 8ರಲ್ಲಿ ಮೀಡಿಯಾ ಸೆಂಟರು ಬೇರೆಯಾಗಿ ಕೊಳ್ಳಬೇಕಾದ ವಸ್ತುವಾಯಿತು. 2015ರ ವಿಂಡೋಸ್ 10ರಲ್ಲಿ ಅದು ಇಲ್ಲವೇ ಇಲ್ಲವಾಯಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಾರ್ಯಕ್ರಮ ಪಟ್ಟಿಯನ್ನು ಒದಗಿಸುವುದನ್ನೂ ನಿಲ್ಲಿಸಿತು. ಪಟ್ಟಿಯಿಲ್ಲದ ಯಂತ್ರ ಪಂಚಾಂಗವಿಲ್ಲದ ಪುರೋಹಿತನಂತೆ.

ಅತ್ತ ಕಾನೂನಿನ ಕಡೆಯಿಂದಲೂ ಗೂಟಗಳು ಸಡಿಲವಾದುವು. ಕಂಪನಿಗಳು ತಾವೂ ಅದೇ ಕಾರ್ಡನ್ನು ಬಳಸಬೇಕೆಂಬ ನಿಯಮವನ್ನು ಕಾಂಗ್ರೆಸ್ಸು 2014ರ ಕಾಯಿದೆಯಲ್ಲಿ ರದ್ದುಗೊಳಿಸಿತು. 2015ರ ಡಿಸೆಂಬರಿನಿಂದ ಅದು ಇಲ್ಲವಾಯಿತು. ಪೆಟ್ಟಿಗೆಗಳ ಪೇಟೆಯನ್ನು ಮುಕ್ತಗೊಳಿಸುವ ಹೊಸ ಯೋಜನೆಯೊಂದನ್ನು ಸಂಪರ್ಕ ಆಯೋಗ 2016ರಲ್ಲಿ ಮುಂದಿಟ್ಟರೂ ಅದು ಅಂತಿಮ ಮತಕ್ಕೆ ಬರಲೇ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಆಯೋಗವು ಕಾರ್ಡನ್ನು ಕೊಡಲೇಬೇಕೆಂಬ ನಿಯಮವನ್ನೂ ತೆಗೆದುಹಾಕಿತು. ನ್ಯಾಯಾಲಯ ಕೊಟ್ಟ ಹಕ್ಕನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅದನ್ನು ಬಳಸುವ ಬೀಗದ ಕೈ ಮಾತ್ರ ಕೈತಪ್ಪಿತು.

ನಮ್ಮ ನಾಡಿಗೂ ಈ ಕಥೆ ತೀರ ದೂರದ್ದಲ್ಲ. ಕೇಬಲನ್ನು ಡಿಜಿಟಲ್ ಆಗಿಸುವ ಕಾರ್ಯದ ಎರಡನೆಯ ಹಂತದಲ್ಲಿ ಬೆಂಗಳೂರು ಮತ್ತು ಮೈಸೂರುಗಳಿಗೆ 2013ರ ಮಾರ್ಚ್ 31 ಗಡುವಾಗಿದ್ದಿತು. ಅಂದಿನಿಂದ ಇಲ್ಲಿಯೂ ಮನೆಮನೆಗೆ ಪೆಟ್ಟಿಗೆ ಬಂದಿತು. ಒಂದು ಸಂಸ್ಥೆಯ ಪೆಟ್ಟಿಗೆ ಇನ್ನೊಂದರ ಸೇವೆಗೂ ಒದಗುವಂತಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲಿನಲ್ಲಿ ಶಿಫಾರಸು ಮಾಡಿತು. ಪೆಟ್ಟಿಗೆ ಯಾರದು, ಬೀಗದ ಕೈ ಯಾರ ಬಳಿ ಎಂಬ ಪ್ರಶ್ನೆ ಅಲ್ಲಿಯಂತೆಯೇ ಇಲ್ಲಿಯೂ ಎದ್ದಿತು.

ಉಳಿದ ದಾರಿ

ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಗಾಳಿಯಲ್ಲಿ ಬರುವ ಉಚಿತ ಬಿತ್ತರಣೆ ಇಂದಿಗೂ ಇದೆ. ಛಾವಣಿಯ ಮೇಲೊಂದು ಆಂಟೆನಾ, ಒಳಗೊಂದು ಟ್ಯೂನರು, ಮಿಥ್‌ಟಿವಿಯಂತಹ ತಂತ್ರಾಂಶ ಇಷ್ಟಿದ್ದರೆ ಹಳೆಯ ಕಣಜವನ್ನು ಮತ್ತೆ ತುಂಬಬಹುದು. ಹೊಸ ತಲೆಮಾರಿನ ಬಿತ್ತರಣೆಗೆ ಕೆಲವು ನಿಲಯಗಳು ಬೀಗ ಹಾಕತೊಡಗಿವೆಯೆಂಬುದು ಮಾತ್ರ ಎಚ್ಚರದಿಂದಿರಬೇಕಾದ ಸಂಗತಿ. ಕಂಪನಿಗಳೇ ತಮ್ಮ ಉಗ್ರಾಣದಲ್ಲಿ ಮುದ್ರಿಸಿಟ್ಟು ಅಂತರ್ಜಾಲದ ಮೂಲಕ ಬಡಿಸುವ ವ್ಯವಸ್ಥೆಯೂ ಬಂದಿದೆ. ಅದು ಅನುಕೂಲವೇ ಸರಿ. ಆದರೆ ಎಷ್ಟು ದಿನ ಇಡಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬುದನ್ನು ನಿರ್ಧರಿಸುವವರು ಉಗ್ರಾಣದ ಒಡೆಯರು.

ಈ ವೃತ್ತಾಂತದಲ್ಲಿ ನೆನಪಿಡತಕ್ಕ ಒಂದು ಪ್ರಸಂಗವಿದೆ. 2007ರಲ್ಲಿ ಮಿಥ್‌ಟಿವಿಯ ಬಳಕೆದಾರರಿಗೆ ಉಚಿತವಾಗಿ ದೊರೆಯುತ್ತಿದ್ದ ಕಾರ್ಯಕ್ರಮ ಪಟ್ಟಿ ನಿಂತುಹೋಯಿತು. ಅವರು ಗೊಣಗುತ್ತ ಕೂರಲಿಲ್ಲ. ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯೊಂದನ್ನು ಕಟ್ಟಿ, ಎಲ್ಲರೂ ಅಲ್ಪಸ್ವಲ್ಪ ಹಣ ತೆತ್ತು ಪಟ್ಟಿಯನ್ನು ತಾವೇ ತರಿಸಿಕೊಳ್ಳತೊಡಗಿದರು. ಮುಂದೆ 2020ರಲ್ಲಿ ಮೀಡಿಯಾ ಸೆಂಟರಿನ ಪಟ್ಟಿ ನಿಂತಾಗ, ಉಳಿದಿದ್ದ ಆ ಯಂತ್ರಗಳಿಗೂ ಹವ್ಯಾಸಿಗಳು ಬರೆದ ತಂತ್ರಾಂಶದ ಮೂಲಕ ಇದೇ ಸಂಸ್ಥೆಯ ಪಟ್ಟಿ ಒದಗಿತು. ದೊಡ್ಡವರು ಕೈಬಿಟ್ಟ ಯಂತ್ರ ನೆರೆಹೊರೆಯವರ ಕೈಯಲ್ಲಿ ಉಸಿರಾಡಿತು.

ಮನೆಗೆ ಯಾವ ಯಂತ್ರವನ್ನು ತರುವಾಗಲೂ ಅದರ ಬೆಲೆಯನ್ನು ಕೇಳುವುದು ವಾಡಿಕೆ. ಬೀಗದ ಕೈ ಯಾರಲ್ಲಿ ಉಳಿಯುತ್ತದೆ ಎಂಬುದನ್ನೂ ಅದರೊಡನೆಯೇ ಕೇಳಿಕೊಂಡರೆ ಮುಂದೆ ಬರಿಯ ಕಣಜದ ಮುಂದೆ ನಿಲ್ಲುವುದು ತಪ್ಪೀತು.