ಶ್ರೀರಂಗಪಟ್ಟಣದ ಉಗ್ರಾಣದ ಲೆಕ್ಕ

1799ನೆಯ ಇಸವಿಯ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದುದನ್ನೂ, ಟಿಪ್ಪು ಸುಲ್ತಾನನು ಅಂದು ಕಾದಾಡುತ್ತ ಮಡಿದುದನ್ನೂ ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಆ ಬಳಿಕ ಕೋಟೆಯೊಳಗೆ ನಡೆದ ಕಾರ್ಯವೊಂದು ಪಾಠಪುಸ್ತಕಗಳಲ್ಲಿ ಅಷ್ಟಾಗಿ ಬಾರದು. ಒಡೆಯನಿಲ್ಲದೆ ಉಳಿದ ಭಂಡಾರ, ಮದ್ದಿನ ಮನೆ, ಗ್ರಂಥಭಂಡಾರ, ದನದ ಹಿಂಡು ಇವನ್ನು ಕಾಯುವವರು ಯಾರು, ಎಣಿಸುವವರು ಯಾರು, ಎಣಿಸಿದ ಮೇಲೆ ಅವು ಯಾರ ಸ್ವತ್ತು ಎಂಬುದೇ ಆ ಪ್ರಶ್ನೆ.

ಮೊದಲ ರಾತ್ರಿ ಯಾವ ಲೆಕ್ಕವೂ ಇರಲಿಲ್ಲ. ಗೆದ್ದ ಸೈನಿಕರು ಪಟ್ಟಣವನ್ನು ಸೂರೆಗೈದರು. ಲೂಟಿಯಾಗದೆ ಉಳಿದ ಮನೆಯೇ ವಿರಳವೆಂದು ಮರುದಿನ ಪಟ್ಟಣದ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ತನ್ನ ಅಣ್ಣನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಆತನು ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಹಾಕಿಸಿ ಕಾವಲನ್ನು ನಿಲ್ಲಿಸಿದ ಮೇಲೆಯೇ ಎಣಿಕೆಗೆ ಅವಕಾಶವಾಯಿತು. ಪಟ್ಟಣಿಗರು ಕಳೆದುಕೊಂಡುದು ಮಾತ್ರ ಯಾವ ಪಟ್ಟಿಯನ್ನೂ ಸೇರಲಿಲ್ಲ.

ಗೆದ್ದ ಸೊತ್ತನ್ನು ಹಂಚುವುದಕ್ಕೆಂದು ಸೈನ್ಯಾಧಿಕಾರಿಗಳದೇ ಒಂದು ಸಮಿತಿಯಿತ್ತು. ಅಂದು ದೊರೆತ ಯುದ್ಧಸಾಮಗ್ರಿಯ ಲೆಕ್ಕವು ಇಂದಿಗೂ ಬೆರಗು ಹುಟ್ಟಿಸುವಂಥದು: ಫಿರಂಗಿಗಳು 929, ಅವುಗಳಲ್ಲಿ ಕೋಟೆಯ ಮೇಲೆ ಏರಿಸಿದ್ದವು 287, ಗುಂಡುಗಳು 4,24,400, ಸಿಡಿಮದ್ದು 5,20,000 ಪೌಂಡು ತೂಕ, ಬಂದೂಕು ಮೊದಲಾದವು 99,000. ಮದ್ದು ಮುಗಿದುದರಿಂದ ಕೋಟೆಯು ಬೀಳಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾಣ್ಯವೂ ಒಡವೆಯೂ ಸೇರಿ ಹಂಚಿಕೆಗೆ ಬಂದ ಸೊತ್ತು ಸುಮಾರು 11 ಲಕ್ಷ ಪೌಂಡು ಬೆಲೆಯದು. ಸೇನಾಪತಿ ಹ್ಯಾರಿಸನ ಪಾಲಿಗೆ 1 ಲಕ್ಷ 40 ಸಾವಿರ ಪೌಂಡಿಗೂ ಮಿಕ್ಕಿ ಬಂದರೆ, ಸಾಮಾನ್ಯ ಬಿಳಿಯ ಸೈನಿಕನಿಗೆ ಸುಮಾರು 7 ಪೌಂಡು, ನಮ್ಮ ನಾಡಿನ ಸಿಪಾಯಿಗೆ ಸುಮಾರು 5 ಪೌಂಡು. ಸೇನಾಪತಿಯ ಪಾಲು ಅತಿಯಾಯಿತೆಂದು ಕಂಪನಿಯ ನಿರ್ದೇಶಕರೇ ಆಕ್ಷೇಪಿಸಿದರು. ಹಂಚುವ ಆತುರದಲ್ಲಿ ಟಿಪ್ಪುವಿನ ಸ್ವರ್ಣಸಿಂಹಾಸನವನ್ನು ಒಡೆದು ಚೂರುಮಾಡಿದರು. ಅದನ್ನು ಇಡಿಯಾಗಿ ತಮ್ಮ ಅರಸನಿಗೆ ಕಳುಹಿಸಬೇಕೆಂದು ಗವರ್ನರ್ ಜನರಲ್ ಮಾರ್ನಿಂಗ್ಟನ್ ಬಯಸಿದ್ದನು. ಆ ಬಯಕೆಯು ತಡವಾಯಿತು. ಆದರೂ ಆತನ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ವಶಪಡಿಸಿಕೊಂಡ ಯುದ್ಧಸಾಮಗ್ರಿಯ ಬಾಬತ್ತಿನಿಂದ 1 ಲಕ್ಷ ಪೌಂಡುಗಳನ್ನು ತನಗೆ ನೀಡಬಂದಾಗ, ಅದು ಸೈನ್ಯಕ್ಕೆ ಸಲ್ಲತಕ್ಕುದೆಂದು ಆತನು ನಿರಾಕರಿಸಿದನು.

ಪಾಲು ಮಾಡಬಾರದ ಸೊತ್ತಿನ ಗತಿ ಬೇರೆ. ಸುಮಾರು 2,000 ಸಂಪುಟಗಳಿದ್ದ ಗ್ರಂಥಭಂಡಾರದ ವಿವರಣಾತ್ಮಕ ಸೂಚಿಯನ್ನು ಚಾರ್ಲ್ಸ್ ಸ್ಟುವರ್ಟನು ಪ್ರಕಟಿಸಿದುದು 1809ರಲ್ಲಿ. ಫಿರಂಗಿಗಳನ್ನು ಎಣಿಸಿದ ಹತ್ತು ವರ್ಷಗಳ ಮೇಲೆ!

ಇನ್ನು ಅಮೃತಮಹಲ್ ದನಗಳು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಈ ಹೆಸರನ್ನಿತ್ತವನು ಟಿಪ್ಪು. ಫಿರಂಗಿಗಳನ್ನೂ ಸಾಮಾನು ಸರಂಜಾಮನ್ನೂ ವೇಗವಾಗಿ ಎಳೆಯುತ್ತಿದ್ದ ಈ ಎತ್ತುಗಳೇ ಮೈಸೂರು ಸೈನ್ಯದ ನಿಜವಾದ ಬಲವೆಂದರೆ ತಪ್ಪಾಗದು. ದಾಸೋಹದ ಉಗ್ರಾಣವನ್ನು ನೋಡಿಕೊಂಡ ಹಿರಿಯರಿಗೆ ಗೊತ್ತಿರುವಂತೆ, ಅಕ್ಕಿಯನ್ನು ಅಳೆದು ಬೀಗ ಹಾಕಬಹುದು. ಹಟ್ಟಿಯ ದನಕ್ಕೆ ಬೀಗವು ಸಾಲದು. ಅದಕ್ಕೆ ಕಾವಲು, ಮೇವು, ತಳಿಯನ್ನು ಬಲ್ಲವನ ಕಣ್ಣು ಬೇಕು.

ಇಂಗ್ಲಿಷರು ಈ ಹಿಂಡುಗಳನ್ನು, ಇಂತಿಷ್ಟು ಎತ್ತುಗಳನ್ನು ಒದಗಿಸಬೇಕೆಂಬ ಕರಾರಿನ ಮೇಲೆ, ಮೈಸೂರು ಸಂಸ್ಥಾನದ ಸುಪರ್ದಿಗೆ ಬಿಟ್ಟರು. ಕೊಡಬೇಕಾದ ಎತ್ತುಗಳ ಸಂಖ್ಯೆಯು ಕಾಗದದ ಮೇಲಿತ್ತು. ಹಿಂಡನ್ನು ಪಾಲಿಸುವ ಆಸ್ಥೆ ಯಾರಿಗೂ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ದನಗಳು ಕ್ಷೀಣಿಸಿ, ತಳಿಯೂ ಕೆಟ್ಟಿತು. ಕೊನೆಗೆ 1813ರಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆಯು ಅವುಗಳ ಆಡಳಿತವನ್ನು ವಹಿಸಿಕೊಂಡ ಮೇಲೆ ಹಿಂಡುಗಳು ಚೇತರಿಸಿಕೊಂಡವು. ಅವುಗಳ ಪಾಲನೆಗೆ ಇಂಗ್ಲಿಷ್ ಅಧಿಕಾರಿಗಳು ಅನುಸರಿಸಿದುದು ತಮ್ಮ ನಾಡಿನ ಪದ್ಧತಿಯನ್ನಲ್ಲ. ಈ ಇಲಾಖೆಗಾಗಿ ಟಿಪ್ಪು ಸುಲ್ತಾನನೇ ಹೊರಡಿಸಿದ್ದ ಹುಕುಂನಾಮೆಯೊಂದಿತ್ತು. ಅದರ ನಿಯಮಗಳನ್ನೇ ಅವರು ಕೈಗೆತ್ತಿಕೊಂಡರು.